ನಾಲ್ಕನೇ ಜ್ವರ

ಅನಸೂಯಮ್ಮನ ರಜೆ ಯಾವ ಕ್ಯಾಲೆಂಡರಿನಲ್ಲೂ ಕೆಂಪಕ್ಷರದಲ್ಲಿ ಇರುತ್ತಿರಲಿಲ್ಲ. ಅದನ್ನು ಮಂಜೂರು ಮಾಡುತ್ತಿದ್ದವು ಹುಳಗಳು.

ಯಲ್ದೂರಿನಿಂದ ಒಂದು ಮೈಲಿ ಒಳಕ್ಕಿದ್ದ ಅವಳ ಮನೆಯಲ್ಲಿ ಹಜಾರ ಹುಳಗಳದು, ಅಡುಗೆಮನೆ ಅವಳದು, ಜಗಲಿ ಗಂಡ ಅಶ್ವತ್ಥಪ್ಪನದು. ಹಜಾರದ ತುಂಬ ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ರೇಷ್ಮೆ ಹುಳ. ದಿನಕ್ಕೆ ಐದು ಸಲ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಹಬ್ಬವೆಂದರೂ ಅವು ಕೇಳುವುದಿಲ್ಲ, ಮೈಗೆ ಹುಷಾರಿಲ್ಲವೆಂದರೂ ಕೇಳುವುದಿಲ್ಲ. ಆದರೆ ದೇವರು ಅವಕ್ಕೂ ಒಂದು ಕಟ್ಟಳೆ ಇಟ್ಟಿದ್ದಾನೆ. ಗೂಡು ಕಟ್ಟುವ ಮೊದಲು ನಾಲ್ಕು ಸಲ ಅವು ಮೇವು ಬಿಟ್ಟು, ತಲೆ ಎತ್ತಿ, ಮಿಸುಕಾಡದೆ ಕೂತು, ಹಳೆಯ ಪೊರೆ ಕಳಚಿ ಏಳಬೇಕು. ಇದಕ್ಕೆ ಹುಳ ಸಾಕುವವರು ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ. ಇವು ಮೂರೂ ಬಂದ ಹಾಗೆ ಹೋಗಿಬಿಡುತ್ತವೆ. ನಾಲ್ಕನೆಯದು ಮಾತ್ರ, ಅದರಲ್ಲೂ ಚಳಿಗಾಲದಲ್ಲಿ, ಒಂದೂವರೆ ದಿನ ಹಿಡಿಯುತ್ತದೆ. ಅದು ಕಳೆದ ಮೇಲೆ ಅವಕ್ಕೆ ಬರುವ ಬಕಾಸುರನ ಹಸಿವಿಗೆ ಮನೆಯವರ ಸೊಂಟ ಮುರಿಯುತ್ತದೆ. ಹಾಗಾಗಿ ನಾಲ್ಕನೇ ಜ್ವರದ ಒಂದೂವರೆ ದಿನವೇ ಅನಸೂಯಮ್ಮನ ದಸರೆ, ದೀಪಾವಳಿ ಎಲ್ಲ.

ಆ ಸಲ ಜ್ವರ ಕೂರುವುದಕ್ಕೆ ಒಳ್ಳೆಯ ಮುಹೂರ್ತವೇ ಸಿಕ್ಕಿತ್ತು. ಶನಿವಾರ ಸಂಜೆ ಕೂತರೆ ಸೋಮವಾರ ಮಧ್ಯಾಹ್ನದವರೆಗೂ ಬಿಡುವು. ಸೋಮವಾರ ಜನವರಿ ಇಪ್ಪತ್ತಾರು, ಸರ್ಕಾರಿ ರಜೆ. ಕೋಲಾರದ ಹಾಸ್ಟೆಲ್ಲಿನಲ್ಲಿದ್ದ ಮಕ್ಕಳಿಬ್ಬರೂ ಶಾಲೆಯ ಪರೇಡು ಇದೆಯೆಂದು ಊರಿಗೆ ಬರುವುದಿಲ್ಲ ಎಂದಿದ್ದರು. ತಾಯಿಯ ಕರುಳು ಚುರುಕ್ಕೆಂದಿತು, ನಿಜ. ಆ ಚುರುಕು ಎಷ್ಟು ಹೊತ್ತು ಇತ್ತು ಅನ್ನುವುದನ್ನು ಕೇಳದಿದ್ದರೆ ಒಳ್ಳೆಯದು.

ಅವಳಿಗೆ ಬೇಕಾಗಿದ್ದುದಾದರೂ ಏನು? ತಲೆಗೆ ಎಣ್ಣೆ ಇಟ್ಟುಕೊಂಡು ಸುಡುನೀರಿನ ಸ್ನಾನ. ಬಿಸಿಲಿನಲ್ಲಿ ಕೂತು ಅವರೆಕಾಳು ಹಿತುಕುವುದು. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ. ಆಮೇಲೆ, ಎಲ್ಲಕ್ಕಿಂತ ಮುಖ್ಯವಾಗಿ, ಹಾಡಹಗಲಲ್ಲಿ ಕಾಲು ಚಾಚಿ ಮಲಗುವುದು.

ಈ ಕೊನೆಯದು ಸಣ್ಣ ಆಸೆಯಲ್ಲ. ಹದಿನೇಳು ವರ್ಷದ ಹಿಂದೆ, ಮದುವೆಯಾಗಿ ಬಂದ ಹೊಸತರಲ್ಲಿ, ಒಂದು ಮಧ್ಯಾಹ್ನ ಅವಳು ಕಣ್ಣೆಳೆದು ನಡುಮನೆಯಲ್ಲಿ ಒರಗಿದ್ದಳು. ಗಂಡನ ಅಕ್ಕ ದೊಡ್ಡಗಂಗಮ್ಮ ಮಾಲೂರಿನಿಂದ ತವರಿಗೆ ಬಂದಿದ್ದವರು ಬಾಗಿಲಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ, “ನಮ್ಮನೇಲಿ ಹಗಲು ಹೊತ್ತು ಮಲಗೋರು ಜ್ವರ ಬಂದೋರು ಮಾತ್ರ ಕಣಮ್ಮಾ” ಎಂದಿದ್ದರು. ಅಷ್ಟೇ ಮಾತು. ಅದಾದ ಮೇಲೆ ಅತ್ತೆ ಹೋದರು, ಮಾವ ಹೋದರು, ಮನೆಯ ಹೆಂಚು ಎರಡು ಸಲ ಬದಲಾಯಿತು. ಆ ಮಾತು ಮಾತ್ರ ಬಾಗಿಲಲ್ಲೇ ನಿಂತಿತ್ತು. ಮನೆಯಲ್ಲಿ ನರಪಿಳ್ಳೆ ಇಲ್ಲದಾಗಲೂ ಅನಸೂಯಮ್ಮ ಹಗಲು ನೆಲಕ್ಕೆ ಬೆನ್ನು ತಾಗಿಸಿದವಳಲ್ಲ. ಈ ಸಲ ಮಾತ್ರ ಏನಾದರಾಗಲಿ, ಮಲಗಿಯೇ ಸಿದ್ಧ ಎಂದು ಹಟ ತೊಟ್ಟಿದ್ದಳು.

“ನಾಲ್ಕನೇ ಜ್ವರಕ್ಕೆ ನೀನು ಏನ್ ಮಾಡ್ತೀಯೇ?” ಎಂದು ಬುಧವಾರ ಅಶ್ವತ್ಥಪ್ಪ ಕೇಳಿದ್ದ. ಜಗಲಿಯ ಮೇಲೆ ಕೂತು ಅಕ್ಕನಿಗೆ ಕಾರ್ಡು ಬರೆಯುತ್ತಿದ್ದ.

“ಎರಡು ದಿನ ಏಳಲ್ಲ. ನೀವೇ ಏನಾದ್ರೂ ಬೇಯಿಸ್ಕೊಳ್ಳಿ.”

“ಹಂಗಂತಲೇ ಬರೀಲಾ?”

“ಬರೀರಿ, ನಂಗೇನು ಭಯವಾ?”

ಅಶ್ವತ್ಥಪ್ಪ ನಗುತ್ತ ಬರೆದ. ಅವನ ಕಾಗದಗಳು ತಂತಿಯ ಹಾಗೆ. ಕಾರ್ಡಿನ ಮುಕ್ಕಾಲು ಭಾಗ ಖಾಲಿ ಉಳಿದರೂ ಅವನು ಐದನೆಯ ಸಾಲಿಗೆ ಕೈ ಹಾಕುತ್ತಿರಲಿಲ್ಲ. ಅನಸೂಯಮ್ಮ ಓದಿ ನೋಡಲಿಲ್ಲ. ಓದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಶನಿವಾರ ಸಂಜೆ ಹುಳಗಳು ಹೇಳಿದ ಹಾಗೆ ಕೂತವು. ಹದಿನೈದು ದಿನದಿಂದ ಸಣ್ಣ ಮಳೆ ಹಿಡಿದ ಹಾಗೆ ಕೇಳುತ್ತಿದ್ದ ಮೇಯುವ ಸದ್ದು ನಿಂತು, ಮನೆ ಗಪ್ಪಾಯಿತು. ಅನಸೂಯಮ್ಮನಿಗೆ ಆ ಮೌನವೇ ಅರ್ಧ ನಿದ್ದೆ ತಂದಿತು.

ಭಾನುವಾರ ಬೆಳಗ್ಗೆ ಅವಳು ಹಂಡೆ ತುಂಬ ನೀರು ಕಾಯಿಸಿ, ಹರಳೆಣ್ಣೆ ತಿಕ್ಕಿಕೊಂಡು, ಸೀಗೆಪುಡಿಯಲ್ಲಿ ತಲೆ ಉಜ್ಜಿಕೊಂಡಳು. ಸೀಗೆಪುಡಿ ಕಣ್ಣಿಗೆ ಬಿದ್ದು ಎರಡೂ ಕಣ್ಣು ಕೆಂಡವಾದವು. ಒದ್ದೆ ಕೂದಲು ಹರವಿಕೊಂಡು ಹಿತ್ತಿಲಲ್ಲಿ ಚಾಪೆ ಹಾಕಿ, ನೆನೆಸಿದ ಅವರೆಕಾಳಿನ ಬೋಗುಣಿ ಮಗ್ಗುಲಲ್ಲಿಟ್ಟುಕೊಂಡು ಕೂತಳು. ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಟಪ್ಪನೆ ತಟ್ಟೆಗೆ ಹಾರುತ್ತದೆ. ಇದು ಅವಸರದವರು ಮಾಡುವ ಕೆಲಸವಲ್ಲ. ಕೈಗೆ ಅವರೆಯ ಸೊಗಡು, ಬೆನ್ನಿಗೆ ಬಿಸಿಲು. ಬೋಗುಣಿ ಖಾಲಿಯಾಗುವ ಹೊತ್ತಿಗೆ ಹತ್ತೂವರೆ ಗಂಟೆ. ಸಾರಿಗೆ ಇನ್ನೂ ಹೊತ್ತಿದೆ ಎಂದುಕೊಂಡಳು. ಸುತ್ತ ನೋಡಿದಳು. ಬೇಲಿಯಾಚೆ ಯಾರೂ ಇಲ್ಲ, ಅಶ್ವತ್ಥಪ್ಪ ತೋಟದಲ್ಲಿದ್ದಾನೆ. ಮೊದಲು ಮೊಣಕೈ ಊರಿದಳು, ಆಮೇಲೆ ಬೆನ್ನು, ಆಮೇಲೆ ತಲೆ. ಹದಿನೇಳು ವರ್ಷದ ಮೇಲೆ ಹಗಲಿನ ಆಕಾಶವನ್ನು ಮಲಗಿಕೊಂಡು ನೋಡಿದಳು. ಬಹಳ ಚೆನ್ನಾಗಿತ್ತು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

“ಅಯ್ಯೋ ದೇವುಡಾ! ಏಮೇ ಅನಸೂಯಾ, ಇಷ್ಟು ಜ್ವರ ಇಟ್ಕೊಂಡು ಬರೀ ಚಾಪೆ ಮೇಲೆ ಮಲಗಿದ್ದೀಯಲ್ಲೇ!”

ಅನಸೂಯಮ್ಮ ಕಣ್ಣು ಬಿಟ್ಟಳು. ಹಿತ್ತಿಲ ಬಾಗಿಲಲ್ಲಿ ದೊಡ್ಡಗಂಗಮ್ಮ ನಿಂತಿದ್ದರು. ಒಂದು ಕೈಯಲ್ಲಿ ವೈರ್ ಬ್ಯಾಗು, ಅದರ ಬಾಯಲ್ಲಿ ಮೋಸಂಬಿ, ಇನ್ನೊಂದು ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಹದಿನೇಳು ವರ್ಷದಲ್ಲಿ ಒಂದೇ ಒಂದು ದಿನ ಮಲಗಿದರೆ, ಆ ದಿನವೇ, ಆ ಮನುಷ್ಯರೇ!

“ಅತ್ತಿಗೆ, ನಂಗೆ ಏನೂ…” ಎಂದು ಎದ್ದು ಕೂರಲು ಹೋದಳು.

“ಏಳಬೇಡ, ಏಳಬೇಡ!” ದೊಡ್ಡಗಂಗಮ್ಮ ಬಂದು ಹಣೆ ಮುಟ್ಟಿದರು. ಅರ್ಧ ಗಂಟೆಯಿಂದ ಬಿಸಿಲು ಕಾಯುತ್ತಿದ್ದ ಹಣೆ ಕಾವಲಿಯಾಗಿತ್ತು. “ಸುಡ್ತಾ ಇದೆ. ಕಣ್ಣು ನೋಡು, ಕೆಂಪಗಾಗಿದೆ. ಅದ್ಯಾಕೇ ತಲೆಗೆ ನೀರು ಹಾಕ್ಕೊಂಡಿದ್ದೀಯ? ಜ್ವರದಲ್ಲಿ ಯಾರಾದ್ರೂ ತಲೆಗೆ ಎರ್ಕೊಳ್ತಾರಾ?”

“ಜ್ವರ ಅಂತ ಯಾರು ಹೇಳಿದ್ರು ಅತ್ತಿಗೆ?”

ದೊಡ್ಡಗಂಗಮ್ಮ ಬ್ಯಾಗಿನಿಂದ ಕಾರ್ಡು ತೆಗೆದು ಕೊಟ್ಟರು. ಅಶ್ವತ್ಥಪ್ಪನ ದುಂಡು ಅಕ್ಷರ. “ಅಕ್ಕನಿಗೆ ನಮಸ್ಕಾರ. ಶನಿವಾರ ಸಂಜೆಗೆ ನಾಲ್ಕನೇ ಜ್ವರ. ಅನಸೂಯ ಎರಡು ದಿನ ಏಳುವುದಿಲ್ಲ. ಅಡುಗೆ ನಾನೇ ಮಾಡಿಕೊಳ್ಳಬೇಕು.”

ಅನಸೂಯಮ್ಮನಿಗೆ ಎಲ್ಲ ಅರ್ಥವಾಯಿತು. ದೊಡ್ಡಗಂಗಮ್ಮ ಇದೇ ಮನೆಯಲ್ಲಿ ಹುಟ್ಟಿದವರೇನೋ ಸರಿ. ಆದರೆ ಮಾಲೂರು ಹೆಂಚಿನ ಕಾರ್ಖಾನೆಗಳ ಊರು. ಅವರ ಗಂಡ ವೆಂಕಟರಮಣಪ್ಪ ಅಂಥ ಒಂದು ಕಾರ್ಖಾನೆಯಲ್ಲಿ ಮೇಸ್ತ್ರಿ. ಮೂವತ್ತು ವರ್ಷದಿಂದ ದೊಡ್ಡಗಂಗಮ್ಮ ಹುಳದ ಮುಖ ನೋಡಿದವರಲ್ಲ. ತವರಿಗೆ ಬಂದಾಗಲೂ ಸೆರಗು ಮೂಗಿಗೆ ಹಿಡಿದು, ಹಜಾರ ಬಿಟ್ಟು ಹಿತ್ತಿಲಿಂದಲೇ ಒಳಗೆ ಬರುವವರು. ಹುಳಕ್ಕೆ ಜ್ವರ ಬರುತ್ತದೆ ಅನ್ನುವುದನ್ನೇ ಮರೆತಿರಬೇಕು.

ನಿಜ ಹೇಳಿಬಿಡೋಣವೆಂದು ಅವಳ ಬಾಯಿ ತೆರೆಯಿತು. ಜ್ವರವಿಲ್ಲ ಎಂದರೆ ಮುಂದಿನ ಪ್ರಶ್ನೆ ಏನು? ಜ್ವರವಿಲ್ಲದೆ ಹಗಲು ಹೊತ್ತು ಯಾಕೆ ಮಲಗಿದ್ದೆ? ನಾಚಿಕೆಯಿಂದ ಕಿವಿ ಬಿಸಿಯಾದವು. ತೆರೆದ ಬಾಯಿಂದ, “ಸ್ವಲ್ಪ ಚಳಿ ಚಳಿ” ಅನ್ನುವ ಮಾತು ಬಂತು.

“ಬರದೆ ಏನಾಗುತ್ತೆ? ಮಲಗು. ನಾನಿದ್ದೀನಿ,” ಎಂದು ದೊಡ್ಡಗಂಗಮ್ಮ ಕಂಬಳಿ ತಂದು ಕುತ್ತಿಗೆವರೆಗೆ ಹೊದಿಸಿ, ಹಿತುಕಿದ ಬೇಳೆಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಅಶ್ವತ್ಥಪ್ಪ ತೋಟದಿಂದ ಬಂದವನು ಅಡುಗೆಮನೆಯಲ್ಲಿ ಅಕ್ಕನನ್ನೂ ಹಿತ್ತಿಲಲ್ಲಿ ಕಂಬಳಿಯನ್ನೂ ಕಂಡು ಕಕ್ಕಾಬಿಕ್ಕಿಯಾದ. ಕಂಬಳಿಯೊಳಗಿಂದ ಎರಡು ಕೆಂಪು ಕಣ್ಣು ಅವನಿಗೆ ಏನೋ ಸನ್ನೆ ಮಾಡುತ್ತಿದ್ದವು. ಬಾಯಿ ಬಿಟ್ಟರೆ ಹುಷಾರ್ ಎಂಬುದಷ್ಟೇ ಅವನಿಗೆ ತಿಳಿದದ್ದು. ಅವನೋ ಸುಳ್ಳು ಹೇಳಿದರೆ ಬಿಕ್ಕಳಿಕೆ ಬರುವ ಜಾತಿಯ ಮನುಷ್ಯ.

“ಎಷ್ಟು ಹೊತ್ತಿಂದ ಜ್ವರ ಕಣೋ?” ದೊಡ್ಡಗಂಗಮ್ಮ ಬಾಗಿಲಿಗೆ ಬಂದು ಕೇಳಿದರು.

“ನೆನ್ನೆ ಸಂಜೆಯಿಂದ ಅಕ್ಕ.” ಹುಳದ ಮಟ್ಟಿಗೆ ಇದು ನಿಜವೇ ಆಗಿತ್ತು.

“ಏನಾದ್ರೂ ತಿಂದಳಾ?”

“ಜ್ವರಕ್ಕೆ ಕೂತ ಮೇಲೆ ಏನೂ ಮುಟ್ಟಲ್ಲ.”

“ಡಾಕ್ಟರಿಗೆ ತೋರಿಸಿದೆಯಾ?”

“ರೇಷ್ಮೆ ಇಲಾಖೆಯೋರು… ಗೊತ್ತಿರೋರೊಬ್ಬರು ಬಂದು ನೋಡ್ಕೊಂಡು ಹೋದ್ರು. ಭಯ ಇಲ್ಲ, ಅಲ್ಲಾಡಿಸಬೇಡಿ ಅಂದ್ರು. ಪೊರೆ ಬಿಟ್ಟ ಮೇಲೆ ಸೊಪ್ಪು ಹಾಕಿದ್ರೆ ಸಾಕಂತೆ.”

ಕಂಬಳಿಯೊಳಗಿನಿಂದ ನರಳಿದಂಥ ಒಂದು ಸದ್ದು ಬಂತು.

“ಅವಳಿಗೆ ಸೊಪ್ಪಾ?” ದೊಡ್ಡಗಂಗಮ್ಮ ಹುಬ್ಬೇರಿಸಿದರು.

“ಸೊಪ್ಪಿನ ಸಾರು ಅಂದೆ,” ಎಂದ ಅಶ್ವತ್ಥಪ್ಪ. ತಕ್ಷಣ ಬಿಕ್ಕಳಿಕೆ ಶುರುವಾಯಿತು. ನೀರು ಕುಡಿಯುವ ನೆಪದಲ್ಲಿ ಬಾವಿಕಟ್ಟೆಗೆ ಓಡಿದ. ದೊಡ್ಡಗಂಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು. ಬಾಯಿಗೆ ಏನಾಗಿತ್ತು ಎಂದು ಆಗ ಯಾರೂ ಯೋಚಿಸಲಿಲ್ಲ.

ಮಲಗುವುದೇನೋ ಸಿಕ್ಕಿತು. ಮಿಕ್ಕದ್ದು ಕೈತಪ್ಪಿತು. ಜ್ವರ ಬಂದವರು ತಿನ್ನುವುದು ಗಂಜಿ. ಮಧ್ಯಾಹ್ನ ಅಡುಗೆಮನೆಯಿಂದ ಒಗ್ಗರಣೆಯ ಚುಂಯ್ ಸದ್ದು, ಅದರ ಬೆನ್ನಿಗೇ ಹಿತಕಿದ ಬೇಳೆ ಸಾರಿನ ಘಮ. ಇಡೀ ಬೆಳಗ್ಗೆ ಕೂತು ತಾನೇ ಹಿತುಕಿದ ಬೇಳೆ! ಅನಸೂಯಮ್ಮನ ಮುಂದೆ ಮಾತ್ರ ಒಂದು ಲೋಟ ಅಕ್ಕಿಗಂಜಿ, ಹಾಲಿನಲ್ಲಿ ಅದ್ದಿದ ಎರಡು ತುಂಡು ಬ್ರೆಡ್ಡು.

ಅಶ್ವತ್ಥಪ್ಪ ಊಟದ ತಟ್ಟೆ ಹಿಡಿದು ಬೇಕೆಂದೇ ಅವಳ ಚಾಪೆಯ ಪಕ್ಕ ಬಂದು ಕೂತ. ಮುದ್ದೆಯ ಗುಂಡಿಯಲ್ಲಿ ತುಪ್ಪ ಕರಗುತ್ತಿತ್ತು.

“ಅಕ್ಕನ ಕೈರುಚಿ ಅಂದ್ರೆ ಅಕ್ಕನದೇ. ಉಪ್ಪು ಹದವಾಗಿ ಬಿದ್ದಿದೆ,” ಎಂದ.

“ಅತ್ಲಾಗ್ ಹೋಗಿ,” ಎಂದಳು ಕಂಬಳಿಯಿಂದ.

“ಜ್ವರದಲ್ಲಿ ಸಿಟ್ಟು ಒಳ್ಳೇದಲ್ಲ ಕಣೇ. ಪೊರೆ ಸಿಕ್ಕಿಹಾಕ್ಕೊಳ್ಳುತ್ತೆ.”

“ಒಂದು ತುತ್ತು ಕೊಡ್ರೀ.”

ಅವನು ಆಚೀಚೆ ನೋಡಿ ಒಂದು ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಚಾಚಿದ. ಅಷ್ಟರಲ್ಲಿ, “ಅಶ್ವತ್ಥಾ, ಇನ್ನೊಂದು ಮುದ್ದೆ ಹಾಕ್ಲಾ?” ಎಂದು ದೊಡ್ಡಗಂಗಮ್ಮನ ದನಿ ಬಾಗಿಲಲ್ಲೇ ಕೇಳಿಸಿತು. ತುತ್ತು ಸರಕ್ಕನೆ ಅಶ್ವತ್ಥಪ್ಪನ ಬಾಯಿಗೇ ಹೋಯಿತು. ಅನಸೂಯಮ್ಮ ಮದುವೆಯಾದಂದಿನಿಂದ ಗಂಡನ ಮೇಲೆ ಇಷ್ಟು ಕೋಪ ಮಾಡಿಕೊಂಡಿರಲಿಲ್ಲ.

ಆದರೂ ಹೊಟ್ಟೆಯ ಸಂಕಟ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ದೊಡ್ಡಗಂಗಮ್ಮ ಪಾತ್ರೆ ತೊಳೆದರು, ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದಿದರು, ಹಸುವಿಗೆ ಹುಲ್ಲು ಹಾಕಿದರು, ಸಂಜೆ ಅವಳ ಕೂದಲು ಬಾಚಿ ಸಿಕ್ಕು ಬಿಡಿಸಿ ಜಡೆ ಹಾಕಿದರು. ಐವತ್ತು ದಾಟಿದ ಹೆಂಗಸು. ಕೆಲಸ ಮಾಡುತ್ತಲೇ ಗುನುಗುತ್ತಿದ್ದರು. ಜಡೆ ಹಾಕುವ ಬೆರಳು ಎಷ್ಟು ಮೆತ್ತಗಿದ್ದವೆಂದರೆ ಅನಸೂಯಮ್ಮನಿಗೆ ಅಳು ಬಂತು. ತವರು ಬಿಟ್ಟ ಮೇಲೆ ಯಾರೂ ಅವಳ ತಲೆ ಬಾಚಿರಲಿಲ್ಲ. ಇಂಥವರಿಗೆ ತಾನು ಮೋಸ ಮಾಡುತ್ತಿದ್ದೇನೆ ಎಂಬ ಸಂಕಟಕ್ಕೆ ಅವಳಿಗೆ ಆ ರಾತ್ರಿ ನಿದ್ದೆಯೇ ಹತ್ತಲಿಲ್ಲ.

ಸೋಮವಾರ ಬೆಳಗ್ಗೆ ಜಗಲಿಯ ಮೇಲೆ ಅಶ್ವತ್ಥಪ್ಪನ ಟ್ರಾನ್ಸಿಸ್ಟರು ದೆಹಲಿಯ ಪರೇಡನ್ನು ಗರಗರ ಒದರುತ್ತಿತ್ತು. ದೊಡ್ಡಗಂಗಮ್ಮ ಒಲೆಯ ಮುಂದೆ ಮತ್ತೆ ಗಂಜಿ ಕಲಕುತ್ತಿದ್ದರು. ಅನಸೂಯಮ್ಮ ಕಂಬಳಿ ಮಡಿಸಿಟ್ಟು ಅಡುಗೆಮನೆಗೆ ಹೋಗಿ ನಿಂತಳು.

“ಅತ್ತಿಗೆ, ಒಲೆ ಬಿಟ್ಟು ಏಳಿ. ನಂಗೆ ಜ್ವರ ಇಲ್ಲ. ಜ್ವರ ಬಂದಿರೋದು ಹುಳಕ್ಕೆ. ನಾನು ಸುಮ್ಮನೆ ಮಲಗಿದ್ದೆ. ಬರೀ ಮಲಗಬೇಕು ಅಂತ ಆಸೆಯಾಗಿ ಮಲಗಿದ್ದೆ. ನಿಮ್ಮನ್ನ ನೋಡಿ ಹೇಳೋಕೆ ನಾಚಿಕೆ ಆಯ್ತು. ತಪ್ಪಾಯ್ತು,” ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಕಣ್ಣು ಮತ್ತೆ ಕೆಂಪಾದವು, ಈ ಸಲ ಸೀಗೆಪುಡಿಯ ದೆಸೆಯಿಂದಲ್ಲ.

ದೊಡ್ಡಗಂಗಮ್ಮ ಸೌಟು ಕೆಳಗಿಟ್ಟು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು.

“ಮನುಷ್ಯರ ಜ್ವರಕ್ಕೆ ಯಾರಾದ್ರೂ ನಂಬರ್ ಹಾಕ್ತಾರೇನೇ?”

“ಅಂದ್ರೆ?” ಎಂದಳು ಅನಸೂಯಮ್ಮ.

“ನಾಲ್ಕನೇ ಜ್ವರ ಅಂತ ಬರೆದಿದ್ದಾನೆ ನಿನ್ನ ಗಂಡ. ಶನಿವಾರ ಬರೋ ಜ್ವರಕ್ಕೆ ಬುಧವಾರವೇ ಕಾರ್ಡು ಹಾಕಿದ್ದಾನೆ. ನಾನು ಇದೇ ಹಜಾರದಲ್ಲಿ ಹುಳದ ತಟ್ಟೆ ಕೆಳಗೆ ಮಲಗಿ ಬೆಳೆದೋಳು ಕಣೇ. ನಂಗೆ ತಿಳಿಯಲ್ವಾ?”

“ಮತ್ತೆ… ನೀವು ಮೋಸಂಬಿ ಯಾಕೆ ತಂದ್ರಿ?”

“ಬರೀ ಕೈಯಲ್ಲಿ ಹೊರಟ್ರೆ ನಮ್ಮ ಯಜಮಾನ್ರು, ನಿಮ್ಮ ಅಣ್ಣಯ್ಯ, ಬಿಡ್ತಿದ್ರಾ?” ದೊಡ್ಡಗಂಗಮ್ಮ ಒಲೆಯ ಉರಿ ಸಣ್ಣ ಮಾಡಿದರು. “ಎರಡು ದಿನ ಕಾರ್ಖಾನೆಗೆ ರಜಾ. ರಜಾ ಅವರಿಗೆ, ಸಜಾ ನಂಗೆ. ಇಸ್ಪೀಟಿಗೆ ಅಂತ ಆರು ಜನ ಬರ್ತಾರೆ, ಗಂಟೆಗೊಂದು ಸಲ ಕಾಫಿ, ಸಂಜೆಗೆ ಬೋಂಡಾ, ಮಧ್ಯೆ ನೀರು ಕೊಡು, ಎಲೆ ಅಡಿಕೆ ಕೊಡು. ನಿನ್ನ ಗಂಡನ ಕಾರ್ಡು ಶುಕ್ರವಾರ ಬಂತು. ‘ಜ್ವರ’, ‘ಅನಸೂಯ ಎರಡು ದಿನ ಏಳುವುದಿಲ್ಲ’ ಅನ್ನೋದು ಮಾತ್ರ ಕಾಣೋ ಹಂಗೆ ಮಿಕ್ಕಿದ್ದಕ್ಕೆ ಹೆಬ್ಬೆರಳು ಅಡ್ಡ ಇಟ್ಟು ತೋರಿಸ್ದೆ. ಪಾಪ, ಮೋಸಂಬಿ ಅವರೇ ತಂದುಕೊಟ್ರು.”

ಅನಸೂಯಮ್ಮ ಹೊಸಿಲ ಮೇಲೆ ಕೂತಳು. ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಆಮೇಲೆ ತಟ್ಟನೆ ನೆನಪಾಯಿತು.

“ಮತ್ತೆ ಗಂಜಿ ಯಾಕೆ ಕುಡಿಸಿದ್ರಿ ನಂಗೆ? ಸಾರು ಘಮಘಮ ಅಂತಿದ್ರೂ?”

“ನೀನು ಸುಳ್ಳು ಹೇಳಿದ್ದಕ್ಕೆ ಅದು. ‘ಚಳಿ ಚಳಿ’ ಅಂತೆ!” ದೊಡ್ಡಗಂಗಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ ಅವಳ ಪಕ್ಕ ಬಂದು ಕೂತರು. “ನೀನು ಯಾಕೆ ಹೇಳಿದೆ ಅಂತಾನೂ ಗೊತ್ತು. ಹೊಸದಾಗಿ ಬಂದಾಗ ನಾನೊಂದು ಮಾತು ಅಂದಿದ್ದೆ. ಅಂದ ಮೇಲೆ ನಿನ್ನ ಮುಖ ನೋಡ್ದೆ. ಆವತ್ತಿಂದ ಅದು ನನ್ನ ಹೊಟ್ಟೇಲೂ ಇದೆ. ಆ ಮಾತು ನಂದಲ್ಲ ಕಣೇ. ನಾನು ಮಾಲೂರಿಗೆ ಹೋದ ಮೊದಲ ವಾರ ನಮ್ಮತ್ತೆ ನಂಗೆ ಅಂದಿದ್ದು. ನಾನು ತಂದು ನಿನ್ನ ಮೇಲೆ ಹಾಕ್ದೆ. ಮೂವತ್ತು ವರ್ಷ ಆಯ್ತು, ನಾನೂ ಹಗಲು ಹೊತ್ತು ಮಲಗಿಲ್ಲ.”

ಹೊರಗೆ ರೇಡಿಯೋದಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಅನಸೂಯಮ್ಮ ಎದ್ದು ಗಂಜಿಯ ಪಾತ್ರೆ ತೆಗೆದುಕೊಂಡು ಹೋಗಿ ಹಸುವಿನ ಬಾನಿಗೆ ಸುರಿದು ಬಂದಳು. ನಿನ್ನೆಯ ಸಾರು ಬಿಸಿ ಮಾಡಿದಳು. ಎಸರಿಗಿಟ್ಟು, ಕೋಲಿನಲ್ಲಿ ತಿರುವಿ, ಎರಡು ಮುದ್ದೆ ಕಟ್ಟಿದಳು. ಹಿತಕಿದ ಬೇಳೆ ಸಾರಿಗೆ ಮಾರನೆಯ ದಿನವೇ ರುಚಿ ಹೆಚ್ಚು. ನಾದಿನಿ, ಅತ್ತಿಗೆ ಇಬ್ಬರೂ ಉಂಡು ಬೆರಳು ನೆಕ್ಕಿದರು.

ಊಟವಾದ ಮೇಲೆ ಅನಸೂಯಮ್ಮ ಹಿತ್ತಿಲಲ್ಲಿ ಚಾಪೆ ಹಾಸಿದಳು. ಒಂದಲ್ಲ, ಎರಡು.

“ನಂಗೂ ಯಾಕೋ ಮೈ ಬಿಸಿ ಆದಂಗಿದೆ,” ಎಂದರು ದೊಡ್ಡಗಂಗಮ್ಮ.

“ಅಂಟುಜ್ವರ ಅತ್ತಿಗೆ. ಮಲಗಿ.”

ಎರಡು ಗಂಟೆಯ ಹೊತ್ತಿಗೆ ಹಜಾರದಲ್ಲಿ ಹುಳಗಳು ಒಂದೊಂದಾಗಿ ಪೊರೆ ಕಳಚಿ ತಲೆ ಆಡಿಸತೊಡಗಿದವು. ಅಶ್ವತ್ಥಪ್ಪ ತಟ್ಟೆ ತಟ್ಟೆ ಬಗ್ಗಿ ನೋಡಿ, “ಲೇ ಅನಸೂಯಾ, ಜ್ವರ ಎದ್ದವು ಕಣೇ, ಸೊಪ್ಪು…” ಎನ್ನುತ್ತ ಹಿತ್ತಿಲಿಗೆ ಬಂದ. ಬಿಸಿಲಿನಲ್ಲಿ ಅವನ ಅಕ್ಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅವರ ಕಂಬಳಿಯ ತುದಿ ಹೆಂಡತಿಯ ಕಾಲಿನ ಮೇಲಿತ್ತು. ಹೆಂಡತಿಯ ಮುಖದಲ್ಲಿ ಅವನು ಮದುವೆಯ ವರ್ಷ ಕಂಡಿದ್ದಂಥ ನಿರಾಳವಿತ್ತು. ಅಶ್ವತ್ಥಪ್ಪ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಬಾಗಿಲನ್ನು ಸದ್ದಾಗದ ಹಾಗೆ ಮುಂದಕ್ಕೆಳೆದುಕೊಂಡು, ಸೊಪ್ಪಿನ ಕುಕ್ಕೆ ತಾನೇ ಹೊತ್ತು ತಂದು ಅಷ್ಟೂ ತಟ್ಟೆಗೆ ಹಾಕಿದ. ಅವನ ಬೆನ್ನು ಎರಡು ದಿನ ನೆಟ್ಟಗಾಗಲಿಲ್ಲ.

ಗೂಡು ಬಿಡಿಸಿ ಎರಡು ತಿಂಗಳಾಗಿತ್ತು. ಯುಗಾದಿ ಕಳೆದ ವಾರ, ಎರಡನೇ ಶನಿವಾರದ ರಜೆಗೆ ಮೊದಲು, ಮಾಲೂರಿನಿಂದ ಒಂದು ಕಾರ್ಡು ಬಂತು. ಅಶ್ವತ್ಥಪ್ಪ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದ. “ಅನಸೂಯಳಿಗೆ ಆಶೀರ್ವಾದ. ನಿಮ್ಮ ಅಣ್ಣಯ್ಯ ಎರಡು ದಿನ ಧರ್ಮಸ್ಥಳಕ್ಕೆ ಹೋಗುತ್ತಾರೆ. ನನಗೆ ಶನಿವಾರ ಬೆಳಗ್ಗೆ ಐದನೇ ಜ್ವರ. ಚಾಪೆ ಇದೆ, ನೀನು ಬಂದರೆ ಸಾಕು.”

ಅವನು ಕಾರ್ಡನ್ನು ತಿರುಗಿಸಿ ನೋಡಿದ, ಮತ್ತೆ ಓದಿದ.

“ಅಲ್ವೇ, ಇರೋದೇ ನಾಲ್ಕು ಜ್ವರ. ಐದನೇದು ಯಾವುದೇ?”

ಅನಸೂಯಮ್ಮ ಆಗಲೇ ಒಳಗೆ ವೈರ್ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು. “ಬಸ್‌ಸ್ಟ್ಯಾಂಡಿಗೆ ಹೋಗಿ ನಾಲ್ಕು ಮೋಸಂಬಿ ತಗೊಂಡು ಬನ್ನಿ,” ಎಂದು ಅಲ್ಲಿಂದಲೇ ಕೂಗಿದಳು.